ಮೇಜರ್ ಪಿಲ್ಶ್ಚಿಕೋವ್ ಕೇಳಿದ್ದೇನು?

ಅಧ್ಯಕ್ಷರೇ, ಗೆಳೆಯರೇ,

ಆಹ್ವಾನ ಪತ್ರಿಕೆಯಲ್ಲಿ ‘ವೀರ ಪೈಲಟ್’ ಅಂತ ಅಚ್ಚಾಗಿದೆ. ಸಂಘಟಕರ ಮೇಲೆ ಸಿಟ್ಟೇನಿಲ್ಲ. ಆದರೆ ಇವತ್ತು ಶೌರ್ಯವನ್ನು ಸ್ವಲ್ಪ ಪಕ್ಕಕ್ಕಿಟ್ಟು ರಾಡಾರಿನ ಮಾತಾಡೋಣ. ಉಕ್ರೇನಿನ ಫೈಟರ್ ಪೈಲಟ್ ಆಂಡ್ರಿ ಪಿಲ್ಶ್ಚಿಕೋವ್ ಕೂಡ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದು ತಮ್ಮ ವಿಮಾನದ ಕೈಲಿ ಏನೇನು ಆಗುವುದಿಲ್ಲ ಎಂಬುದನ್ನೇ.

ಹಿನ್ನೆಲೆ ನಿಮಗೆ ಗೊತ್ತು, ಬೇಗ ಮುಗಿಸುತ್ತೇನೆ. 1993ರಲ್ಲಿ ಖಾರ್ಕಿವ್‌ನಲ್ಲಿ ಹುಟ್ಟಿದರು. ಓದಿದ್ದು ಅಲ್ಲಿಯ ವಾಯುಪಡೆ ವಿಶ್ವವಿದ್ಯಾಲಯದಲ್ಲಿ. ಅದಕ್ಕೆ ಇವಾನ್ ಕೊಝೆದುಬ್ ಹೆಸರಿಟ್ಟಿದ್ದಾರೆ, ಎರಡನೇ ಮಹಾಯುದ್ಧದಲ್ಲಿ 62 ವಿಮಾನ ಉರುಳಿಸಿದವರು. ಆಮೇಲೆ ಕೀವ್‌ಗೆ ಹತ್ತಿರದ ವಾಸಿಲ್ಕಿವ್ ನೆಲೆ, 40ನೇ ಬ್ರಿಗೇಡ್, ಮಿಗ್-29 ಯುದ್ಧವಿಮಾನ. ಅಮೆರಿಕದ ಪೈಲಟ್‌ಗಳ ಒಡನಾಟದಲ್ಲಿ ಸಿಕ್ಕ ಅಡ್ಡಹೆಸರು ‘ಜ್ಯೂಸ್’. ಇವರು ಮದ್ಯ ಮುಟ್ಟುತ್ತಿರಲಿಲ್ಲ, ಅದಕ್ಕೇ. ಫೈಟರ್ ಪೈಲಟ್‌ಗಳ ಲೋಕದಲ್ಲಿ ಇದನ್ನು ದೊಡ್ಡ ಅಪರಾಧವೆಂದೇ ಎಣಿಸುತ್ತಾರೆ, ಇರಲಿ.

2022ರ ಫೆಬ್ರವರಿ 24. ರಷ್ಯಾದ ದಾಳಿ ಶುರು, ಕೀವ್ ಮೇಲಿನ ಆಕಾಶ ಕಾಯುವುದು ಇವರ ಬ್ರಿಗೇಡಿನ ಪಾಲಿಗೆ. ಇಲ್ಲಿಂದ ನಿಧಾನವಾಗಿ ಹೋಗೋಣ.

ಇವರ ಮಿಗ್-29ರ ಮೂತಿಯಲ್ಲಿದ್ದದ್ದು ಎನ್019, ಸೋವಿಯತ್ ಕಾಲದ ರಾಡಾರ್. ದೂರದ ಗುರಿಗೆ ಆರ್-27ಆರ್ ಕ್ಷಿಪಣಿ. ಈ ಕ್ಷಿಪಣಿಗೆ ಸ್ವಂತ ರಾಡಾರ್ ಇಲ್ಲ. ವಿಮಾನ ತನ್ನ ಕಿರಣವನ್ನು ಗುರಿಯ ಮೇಲೆ ಹಿಡಿದೇ ಇರಬೇಕು, ಅಲ್ಲಿಂದ ಮರಳಿದ ಅಲೆಯನ್ನು ಹಿಡಿದು ಕ್ಷಿಪಣಿ ಹೋಗುತ್ತದೆ. ಕತ್ತಲಲ್ಲಿ ಕಳ್ಳನಿಗೆ ಕಲ್ಲು ಹೊಡೆಯಬೇಕು, ಕಲ್ಲು ತಾಗುವ ತನಕ ಟಾರ್ಚನ್ನೂ ನಾವೇ ಹಿಡಿದಿರಬೇಕು ಅಂದ ಹಾಗೆ. ಎದುರಿನ ರಷ್ಯನ್ ವಿಮಾನಗಳ ಕ್ಷಿಪಣಿಗಳು, ಸು-35ರ ಆರ್-77-1, ಮಿಗ್-31ರ ಆರ್-37ಎಂ, ಹಾಗಲ್ಲ. ಅವುಗಳ ತಲೆಯಲ್ಲೇ ರಾಡಾರ್ ಉಂಟು. ಕೊನೆಯ ಹಂತದಲ್ಲಿ ಗುರಿಯನ್ನು ತಾವೇ ಹುಡುಕಿಕೊಳ್ಳುತ್ತವೆ, ಹಾರಿಸಿದವನು ಅಷ್ಟರಲ್ಲಿ ತಿರುಗಿ ಹೊರಟಿರುತ್ತಾನೆ. ನಮ್ಮವನು ಮಾತ್ರ ಮುಖ ತಿರುಗಿಸುವಂತಿಲ್ಲ. ತಿರುಗಿಸಿದರೆ ಕ್ಷಿಪಣಿ ಕುರುಡು.

ಇನ್ನೊಂದು ತೊಡಕು. ರಷ್ಯನ್ನರ ದೂರದ ರಾಡಾರ್ ಮತ್ತು ನೆಲದಿಂದ ವಿಮಾನ ಹೊಡೆಯುವ ಎಸ್-400ಗಳ ಕಣ್ಣು ತಪ್ಪಿಸಲು ಇವರು ನೆಲಕ್ಕೆ ಅಂಟಿಕೊಂಡಂತೆ ಹಾರಬೇಕು. ಕೆಳಗೆ ಗಾಳಿ ದಟ್ಟ, ಹಾರಿಸಿದ ಕ್ಷಿಪಣಿ ಬೇಗ ವೇಗ ಕಳೆದುಕೊಳ್ಳುತ್ತದೆ. ಎತ್ತರದಿಂದ ಬಿಟ್ಟ ಎದುರಾಳಿಯ ಕ್ಷಿಪಣಿಗೆ ತೆಳುಗಾಳಿಯ ಲಾಭ. ಜೊತೆಗೆ ಕಾಕ್‌ಪಿಟ್ಟಿನಲ್ಲಿ ಎಚ್ಚರಿಸುವ ಸಾಧನ ‘ಬೆರ್ಯೋಜಾ’, ದೀಪ ಹೊತ್ತಿಸಿ ದಿಕ್ಕು ತೋರಿಸುವಂಥದ್ದು. ಎದುರಾಳಿ ಹಲವು ಗುರಿಗಳನ್ನು ಒಟ್ಟಿಗೆ ಗಮನಿಸುತ್ತಲೇ ಕ್ಷಿಪಣಿ ಬಿಟ್ಟರೆ ಬಿಟ್ಟದ್ದೇ ಇದಕ್ಕೆ ತಿಳಿಯುವುದಿಲ್ಲ. ಈಗ ಹೇಳಿ, ಇಲ್ಲಿ ಇನ್ನೊಂದು ಬೊಗಸೆ ಧೈರ್ಯ ಸುರಿದರೆ ಏನಾಗುತ್ತದೆ?

ನಮ್ಮ ಭಾರತೀಯ ವಾಯುಪಡೆಯ ಮಿಗ್-29ಗಳಿಗೂ ಇದೇ ರಾಡಾರ್ ಇತ್ತು. ಮೇಲ್ದರ್ಜೆಗೇರಿಸುವಾಗ ಝುಕ್-ಎಂಇ ರಾಡಾರ್ ಕೂರಿಸಿಕೊಂಡು ಆರ್-77ಕ್ಕೆ ಹೊಂದಿಸಿಕೊಂಡೆವು. ಕಾರಣ ಇದೇ.

2022ರ ಶರತ್ಕಾಲದಲ್ಲಿ ಶಾಹೆದ್ ಡ್ರೋನ್‌ಗಳು ಬಂದವು, ಗುರಿಗೆ ಬಡಿದು ಸಿಡಿಯುವಂಥವು. ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ. ಡ್ರೋನಿನ ವೇಗ ಗಂಟೆಗೆ ಸುಮಾರು 180 ಕಿಲೋಮೀಟರ್. ಮಿಗ್ ಇಳಿಯಲು ಬರುವಾಗಲೇ ಅದಕ್ಕಿಂತ ಜೋರಾಗಿರುತ್ತದೆ! ಹಿಂದೆ ಬಿದ್ದರೆ ದಾಟಿ ಹೋಗುತ್ತೀರಿ. ಡಾಪ್ಲರ್ ರಾಡಾರ್ ನಿಧಾನದ ವಸ್ತುವನ್ನು ನೆಲದ ಗದ್ದಲವೆಂದು ತಳ್ಳಿಹಾಕುತ್ತದೆ. ಸಣ್ಣ ಪಿಸ್ಟನ್ ಎಂಜಿನ್, ಶಾಖ ಅರಸುವ ಆರ್-73 ಕ್ಷಿಪಣಿಗೂ ಅಷ್ಟಾಗಿ ಸಿಗದು. 30 ಮಿಲಿಮೀಟರ್ ಫಿರಂಗಿಯಲ್ಲಿ 150 ಗುಂಡು, ಅಂದರೆ ಆರು ಸೆಕೆಂಡಿನ ಒಳಗೆ ಖಾಲಿ. ಅದಕ್ಕೂ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಸುಮಾರು 50 ಕಿಲೋ ಸ್ಫೋಟಕ ಮುಖದೆದುರೇ ಸಿಡಿಯುತ್ತದೆ. ಆ ಅಕ್ಟೋಬರಿನಲ್ಲಿ ವಿನ್ನಿತ್ಸಾ ಪ್ರಾಂತದ ಮೇಲೆ ವಾದಿಮ್ ವೊರೋಶಿಲೊವ್ ಎಂಬ ಪೈಲಟ್ ಶಾಹೆದ್ ಹೊಡೆದರು, ಅದರ ಚೂರುಗಳು ಅವರದೇ ಮಿಗ್‌ಗೆ ಬಡಿದವು. ಊರಿನಿಂದ ಆಚೆಗೆ ವಿಮಾನ ತಿರುಗಿಸಿ ಸೀಟು ಸಮೇತ ಹೊರಹಾರಿ ಬದುಕಿದರು. ಅಗ್ಗದ ಡ್ರೋನ್ ಸತ್ತಿತು, ಮಿಗ್ಗೂ ಹೋಯಿತು. ಲೆಕ್ಕ ಯಾರಿಗೆ ಗಿಟ್ಟಿತು ನೋಡಿ.

ಆ ಹೊತ್ತಿಗಾಗಲೇ, 2022ರ ಜೂನ್‌ನಲ್ಲಿ, ಪಿಲ್ಶ್ಚಿಕೋವ್ ತಮ್ಮ ಗೆಳೆಯ ಒಲೆಕ್ಸಿ ಮೆಸ್, ಅಡ್ಡಹೆಸರು ‘ಮೂನ್‌ಫಿಶ್’, ಅವರೊಡನೆ ವಾಷಿಂಗ್ಟನ್‌ಗೆ ಹೋಗಿ ಅಲ್ಲಿಯ ಸಂಸದರ ಮುಂದೆ ಅಮೆರಿಕದ ಯುದ್ಧವಿಮಾನ ಎಫ್-16 ಕೇಳಿ ಬಂದಿದ್ದರು. ಕೇಳಿದ್ದು ಮುಖ್ಯವಾಗಿ ಅದು ಹೊರುವ, ತಲೆಯಲ್ಲೇ ರಾಡಾರ್ ಇರುವ ಅಮ್ರಾಮ್ ಕ್ಷಿಪಣಿಗಾಗಿ, ಅಂದರೆ ಟಾರ್ಚ್ ಹಿಡಿದು ನಿಲ್ಲದಿರುವ ಸ್ವಾತಂತ್ರ್ಯಕ್ಕಾಗಿ. ಮಿಗ್‌ಗೆ ನೆಲದ ರಾಡಾರುಗಳನ್ನು ಹೊಡೆಯುವ ಅಮೆರಿಕದ ಹಾರ್ಮ್ ಕ್ಷಿಪಣಿಯನ್ನು ಹೇಗೋ ಜೋಡಿಸಿದ್ದರು, ನಿಜ. ಗುರಿಯ ಜಾಗವನ್ನು ನೆಲದ ಮೇಲೇ ತುಂಬಿಸಿಕೊಂಡು ಹೋಗಬೇಕಾಗಿತ್ತು, ಅದರ ಪೂರ್ತಿ ಶಕ್ತಿ ಮಿಗ್‌ಗೆ ದಕ್ಕಲಿಲ್ಲ.

ತರಬೇತಿಗೇ ಒಂದೂವರೆ ವರ್ಷ ಬೇಕು ಎಂಬ ವಾದ ಬಂತು. 2023ರ ಆರಂಭದಲ್ಲಿ ಉಕ್ರೇನಿನ ಇಬ್ಬರು ಪೈಲಟ್‌ಗಳನ್ನು ಅರಿಝೋನಾದ ಟೂಸಾನ್‌ನಲ್ಲಿ ಸಿಮ್ಯುಲೇಟರಿಗೆ ಕೂರಿಸಿ ನೋಡಿದರು. ನಾಲ್ಕು ತಿಂಗಳು ಸಾಕಾದೀತು ಎಂಬ ಅಂದಾಜು ಹೊರಬಿತ್ತು. ಮೇ ತಿಂಗಳಲ್ಲಿ ಬೈಡನ್ ಒಪ್ಪಿದರು. ಆಗಸ್ಟ್ 20ಕ್ಕೆ ಡೆನ್ಮಾರ್ಕ್ 19 ವಿಮಾನ ಘೋಷಿಸಿತು, ನೆದರ್ಲೆಂಡ್ಸ್ ಕೂಡ ಕೊಡುತ್ತೇನೆಂದಿತು. ಆಗಸ್ಟ್ 24ಕ್ಕೆ ಟೂಸಾನ್‌ನಲ್ಲೇ ತರಬೇತಿ ಎಂದು ಪೆಂಟಗನ್ ಪ್ರಕಟಿಸಿತು.

ಮರುದಿನ, ಆಗಸ್ಟ್ 25, ಝಿಟೊಮಿರ್ ಪ್ರಾಂತದ ಮೇಲೆ ಎರಡು ಎಲ್-39 ತರಬೇತಿ ವಿಮಾನಗಳು ಡಿಕ್ಕಿ ಹೊಡೆದವು. ಮೂವರು ಸತ್ತರು: ಪಿಲ್ಶ್ಚಿಕೋವ್, ವ್ಯಾಚೆಸ್ಲಾವ್ ಮಿಂಕಾ, ಸೆರ್ಹಿ ಪ್ರೊಕಾಝಿನ್. ಪಿಲ್ಶ್ಚಿಕೋವ್‌ಗೆ ವಯಸ್ಸು 29.

‘ಯುದ್ಧದಲ್ಲಿ ಸಾಯಲಿಲ್ಲವಲ್ಲ’ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಎಲ್-39 ಝೆಕ್ ನಿರ್ಮಿತ, ಒಂದೇ ಎಂಜಿನ್, ಹಿಂದೆ-ಮುಂದೆ ಎರಡು ಸೀಟು. ಅದನ್ನು ಹಾರಿಸುವುದು ಅಗ್ಗ, ಮಿಗ್ಗಿನ ಎಂಜಿನ್ ತಾಸುಗಳೂ ಉಳಿಯುತ್ತವೆ. ಒತ್ತೊತ್ತಾಗಿ ಹಾರುವಾಗ ಒಬ್ಬ ಇನ್ನೊಬ್ಬನನ್ನು ಕಣ್ಣಳತೆಯಲ್ಲೇ ಕಾಯಬೇಕು. ಕ್ಷಣ ಕಣ್ತಪ್ಪಿದರೆ ಅಥವಾ ಒಂದು ವಿಮಾನ ಇನ್ನೊಂದರ ಹೊಟ್ಟೆಯಡಿ ಮರೆಯಾದರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. 2019ರ ಫೆಬ್ರವರಿಯಲ್ಲಿ ಯಲಹಂಕದ ಮೇಲೆ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ತಾಗಿ ಒಬ್ಬ ಪೈಲಟ್ ತೀರಿಕೊಂಡದ್ದು ಬೆಂಗಳೂರಿಗರಿಗೆ ನೆನಪಿದೆ. ಅವರು ಜಗತ್ತಿನ ಅತಿ ನುರಿತ ಕೈಗಳು. ವಾಯುಪಡೆಯ ಕೆಲಸದ ಬಹುಪಾಲು ತರಬೇತಿಯೇ. ಯುದ್ಧವೆಂದು ಅದು ನಿಲ್ಲುವುದೂ ಇಲ್ಲ, ಸುಲಭವಾಗುವುದೂ ಇಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ. ರನ್‌ವೇ ವಿಷಯ ಒಂದೇ ಮಾತಿನಲ್ಲಿ: ಮಿಗ್-29 ನೆಲದ ಮೇಲಿರುವಾಗ ಗಾಳಿಬಾಯಿ ಮುಚ್ಚಿ ರೆಕ್ಕೆಬುಡದ ಮೇಲ್ಭಾಗದ ಕಿಂಡಿಗಳಿಂದ ಉಸಿರಾಡುತ್ತದೆ, ಕಲ್ಲುಪುಡಿ ಒಳಗೆ ಹೋಗುವುದಿಲ್ಲ. ಎಫ್-16ರ ಬಾಯಿ ಹೊಟ್ಟೆಯಡಿ, ನೆಲಕ್ಕೆ ಹತ್ತಿರ. ಅದಕ್ಕೆ ಗುಡಿಸಿದ ರನ್‌ವೇ ಬೇಕು. ಕ್ಷಿಪಣಿ ಬೀಳುವ ನೆಲೆಗಳಲ್ಲಿ ಅದೊಂದು ನಿತ್ಯದ ತಲೆನೋವು.

2024ರ ಆಗಸ್ಟ್ 4ರಂದು ಎಫ್-16ಗಳು ಉಕ್ರೇನಿನಲ್ಲಿ ಬಹಿರಂಗವಾಗಿ ಕಾಣಿಸಿಕೊಂಡವು. ಆಗಸ್ಟ್ 26ರ ಭಾರೀ ದಾಳಿಯಲ್ಲಿ ಒಲೆಕ್ಸಿ ಮೆಸ್ ಮೂರು ಕ್ರೂಸ್ ಕ್ಷಿಪಣಿ, ಒಂದು ಡ್ರೋನ್ ಹೊಡೆದುರುಳಿಸಿದರು ಎಂದು ಅವರ ವಾಯುಪಡೆ ಹೇಳಿತು. ಅದೇ ಹಾರಾಟದಲ್ಲಿ ಅವರೂ ಸತ್ತರು. ನಾಲ್ಕು ದಿನಕ್ಕೆ ವಾಯುಪಡೆಯ ಮುಖ್ಯಸ್ಥರನ್ನು ಝೆಲೆನ್‌ಸ್ಕಿ ಬದಲಿಸಿದರು.

ತರಬೇತಿಯ ಭಾಷೆ, ಬಿಡಿಭಾಗಗಳ ಪೂರೈಕೆ, ಇವೆರಡನ್ನೂ ಬಿಟ್ಟೆ. ಪ್ರಶ್ನೋತ್ತರದಲ್ಲಿ ಕೇಳಿ, ಹೇಳುತ್ತೇನೆ. ನಮಸ್ಕಾರ.