ಬಿತ್ತನೆಗೆ ಮುಂಚೆ ಕೊಟ್ಟ ದುಡ್ಡು

ಎಲ್ಲರಿಗೂ ನಮಸ್ಕಾರ. ದೇವರಾಜ ಮಾರುಕಟ್ಟೆ ಹೊಕ್ಕು ಬಂದವರೂ ಇದ್ದೀರಿ ಅಂತ ಕಾಣುತ್ತೆ, ಮುಂದಿನ ಸಾಲಿನ ಚೀಲದಿಂದ ಕೊತ್ತಂಬರಿ ಇಣುಕುತ್ತಿದೆ.

ನಾನು ರೈತನಲ್ಲ, ತಿನ್ನುವವನು. ಶ್ರೀರಂಗಪಟ್ಟಣದ ಹತ್ತಿರ ಒಬ್ಬ ರೈತರಿಗೆ ನಾವು ಮೈಸೂರಿನ 18 ಮನೆಯವರು ಸೇರಿ ಬಿತ್ತನೆಗೆ ಮುಂಚೆಯೇ ದುಡ್ಡು ಕೊಡಲು ಶುರು ಮಾಡಿದೆವು. ಶನಿವಾರ ಶನಿವಾರ ಒಂದು ಬುಟ್ಟಿ ಬರುತ್ತದೆ. ಹೊಲದಲ್ಲಿ ಏನಿದೆಯೋ ಅದು.

ಜಪಾನಿನಲ್ಲಿ ಇದು 1970ರ ದಶಕದಲ್ಲಿ ತೇಕೇ ಅನ್ನುವ ಹೆಸರಲ್ಲಿ ಬೆಳೆಯಿತು. ಔಷಧಿ ಹೊಡೆದ ತರಕಾರಿಗೆ ಹೆದರಿದ ಮನೆಯವರು ನೇರ ರೈತರ ಹತ್ತಿರವೇ ಮಾತಾಡಿಕೊಂಡರು. 1986ರಲ್ಲಿ ಅಮೆರಿಕದ ಎರಡು ತೋಟಗಳು ಶುರು ಮಾಡಿದವು, ಸಿಎಸ್ಎ ಅನ್ನುವ ಹೆಸರು ಅಲ್ಲಿಂದ ಬಂತು, ಕಮ್ಯುನಿಟಿ ಸಪೋರ್ಟೆಡ್ ಅಗ್ರಿಕಲ್ಚರ್, ಅಂದರೆ ಊರವರ ಬೆಂಬಲದ ಬೇಸಾಯ. ನಮ್ಮ ಕಡೆ ಹೊಲ ವಾರಕ್ಕೆ ಮಾಡುವುದು ಗೊತ್ತಲ್ವಾ, ಬೆಳೆದದ್ದರಲ್ಲಿ ಪಾಲು? ಹೆಚ್ಚುಕಡಿಮೆ ಹಾಗೇ. ಬೆಳೆ ಹೋದರೆ ಅದರಲ್ಲೂ ನಮಗೆ ಪಾಲು.

ಮುಂಗಡ ಯಾಕೆ ಅಂತ ಕೇಳುತ್ತೀರಿ. ಬೀಜ, ಗೊಬ್ಬರ, ಕೂಲಿ ಎಲ್ಲಕ್ಕೂ ದುಡ್ಡು ಮೊದಲೇ ಬೇಕು. ಬೆಳೆಯ ದುಡ್ಡು ಕೈ ಸೇರುವುದು ಎಷ್ಟೋ ತಿಂಗಳ ಮೇಲೆ. ಅದಕ್ಕೆ ಎಷ್ಟೋ ಜನ ಮಂಡಿಯವರ ಹತ್ತಿರ ಕೈ ಚಾಚುತ್ತಾರೆ. ಒಮ್ಮೆ ತಂದರೆ ಮಾಲು ಅಲ್ಲಿಗೇ ಹಾಕಬೇಕು, ಅವರು ಹೇಳಿದ ರೇಟಿಗೇ. ನಮ್ಮ ರೈತರು ಒಂದು ಹಳೇ ಚೀಟಿ ತೋರಿಸಿದ್ದರು. 3 ಮೂಟೆ ಬದನೆಕಾಯಿ. ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಕಳೆದು ಉಳಿದದ್ದು 70 ರೂಪಾಯಿ. ಚೀಟಿಯ ಹಿಂದೆ ಅವರ ಮಗಳು ಏಳರ ಮಗ್ಗಿ ಬರೆದಿದ್ದಳು.

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ನಾವು ಮೊದಲೇ ಕೊಟ್ಟ ದುಡ್ಡಿನಲ್ಲೇ ನಮ್ಮ ಬುಟ್ಟಿಗೆ ಎರಡು ಕೆಜಿ ಬಂತು. ಪಕ್ಕದ ಮನೆಯವರು ಹೊಟ್ಟೆ ಉರಿದುಕೊಂಡರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಆಗಲೂ ನಾವು ಕೊಟ್ಟದ್ದು ಅಷ್ಟೇ. ಎರಡು ಮನೆಯವರು ಬಿಟ್ಟುಹೋದದ್ದು ಆಗಲೇ. ಅವರ ಲೆಕ್ಕ ತಪ್ಪೇನಲ್ಲ, ಆ ತಿಂಗಳು ನಮಗೆ ಜಾಸ್ತಿಯೇ ಬಿತ್ತು.

ಆ ವರ್ಷ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ. ನಾಲೆ ನೀರು ನೆಚ್ಚಿಕೊಳ್ಳುವ ಹಾಗಿರಲಿಲ್ಲ, ಬೋರಿನಲ್ಲಿ ಬಂದಷ್ಟೇ. ಬುಟ್ಟಿಯಲ್ಲಿ ನುಗ್ಗೆಸೊಪ್ಪು, ಸೋರೆಕಾಯಿ. ಮುಂದಿನ ವಾರವೂ ಸೋರೆಕಾಯಿ. ಪಲ್ಯ ಆಯ್ತು, ಸಾಂಬಾರ್ ಆಯ್ತು, ದೋಸೆಗೂ ರುಬ್ಬಿದ್ದಾಯ್ತು. ಮೂರನೇ ವಾರ ಗೇಟಿನ ಹತ್ತಿರ ಗಾಡಿ ಸದ್ದಾದಾಗ ನನ್ನ ಮಗ ಬಾಗಿಲು ಹಾಕಿಕೊಂಡ.

ಸಾವಯವ ಅನ್ನುವುದಕ್ಕೆ ಸರ್ಟಿಫಿಕೇಟ್ ಇದೆಯಾ ಅಂತಲೂ ಕೇಳುತ್ತಾರೆ. ಇಲ್ಲ. ತಿಂಗಳಿಗೊಮ್ಮೆ ಹೋಗಿ ಹೊಲ ಸುತ್ತಿ ಬರುತ್ತೇವೆ. ಹುಳ ಕೊರೆದ ಬದನೆ ಬಂದರೆ ಕೊರೆದಷ್ಟು ಕತ್ತರಿಸಿ ಹಾಕುತ್ತೇವೆ. ವಾಂಗಿಬಾತಿಗೆ ವಾರ ವಾರ ಈರನಗೆರೆ ಬದನೆಯೇ ಬೇಕು ಅನ್ನುವವರಿಗೆ ಇದು ಒಗ್ಗುವುದಿಲ್ಲ, ಸುಮ್ನೆ ಮಾರ್ಕೆಟ್ಟಿಗೆ ಹೋಗುವುದೇ ವಾಸಿ.

ಬಿಟ್ಟುಹೋದ ಆ ಎರಡು ಜಾಗ ಇನ್ನೂ ಖಾಲಿ ಇವೆ. ಇಷ್ಟ ಇರುವವರು ಮನೆಯಲ್ಲಿ ಮೊದಲು ಸೋರೆಕಾಯಿ ವಿಷಯ ಕೇಳಿಕೊಂಡು, ಆಮೇಲೆ ಹೆಸರು ಬರೆಸಿ.