ಮೊದಲು ಪತ್ತೆ, ಆಮೇಲೆ ಔಷಧ

ಕೇಳುಗರೆ, ನಮಸ್ಕಾರ. ಮಗುವಿಗೆ ಅಪರೂಪದ ಕಾಯಿಲೆ ಎಂದು ತಿಳಿದ ಕ್ಷಣದಿಂದ ಹೆತ್ತವರು ಕೇಳುವುದು ಒಂದೇ: ಔಷಧ ಎಲ್ಲಿ ಸಿಗುತ್ತದೆ? ಆ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಯಾವ ಜೀನಿನಲ್ಲಿ ಯಾವ ದೋಷ ಎಂಬುದು ಮೊದಲು ಪತ್ತೆಯಾಗಲಿ.

1934ರಲ್ಲಿ ನಾರ್ವೆಯಲ್ಲಿ ನಡೆದದ್ದು ಕೇಳಿ. ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆದಿರಲಿಲ್ಲ. ಮೂತ್ರಕ್ಕೆ ಏನೋ ವಿಚಿತ್ರ ವಾಸನೆ. ವೈದ್ಯರನ್ನು ಕೇಳುತ್ತಲೇ ಬಂದರು, ಯಾರಲ್ಲೂ ಉತ್ತರವಿರಲಿಲ್ಲ. ರಸಾಯನಶಾಸ್ತ್ರವನ್ನೂ ಬಲ್ಲ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಆ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕ ಹಾಕಿದರು. ಕೆಂಗಂದಾಗಿಯೇ ಉಳಿಯಬೇಕಿದ್ದದ್ದು ಹಸಿರಾಯಿತು! ಮಕ್ಕಳು ತೆಗೆದುಕೊಳ್ಳುವ ಔಷಧದಿಂದ ಹೀಗಾಯಿತೇ? ಎಲ್ಲ ಔಷಧ ನಿಲ್ಲಿಸಿ, ಮತ್ತೆ ಮೂತ್ರ ತರಿಸಿದರು. ಮತ್ತೂ ಹಸಿರು. ಆ ತಾಯಿ ಪದೇಪದೇ ತಂದುಕೊಟ್ಟ ಮೂತ್ರದಿಂದ ಕೊನೆಗೆ ಬೇರ್ಪಡಿಸಿದ್ದು ಫೀನೈಲ್‌ಪೈರುವಿಕ್ ಆಮ್ಲ. ಆ ಕಾಯಿಲೆಯೇ ಇಂದಿನ ಪಿಕೆಯು, ಅಂದರೆ ಫೀನೈಲ್‌ಕೀಟೋನ್ಯೂರಿಯ. ಆಹಾರದ ಪ್ರೋಟೀನಿನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಂಶವನ್ನು ದೇಹ ನಿಭಾಯಿಸಲಾರದು ಎಂದು ಗೊತ್ತಾದ ಮೇಲಲ್ಲವೇ, 1950ರ ದಶಕದಲ್ಲಿ ವೈದ್ಯ ಹೋರ್ಸ್ಟ್ ಬಿಕೆಲ್ ಅದನ್ನು ಕಡಿಮೆ ಮಾಡಿದ ಆಹಾರ ಕೊಟ್ಟು ನೋಡಿದ್ದು! ಎಗೆಲಾಂಡ್ ಮಕ್ಕಳಿಗೆ ಅದು ತಡವಾಗಿತ್ತು. ಆದರೂ ಕ್ರಮ ಅದೇ: ಮೊದಲು ಪತ್ತೆ, ಆಮೇಲೆ ಔಷಧ.

ಅಯ್ಯೋ, ಇದಕ್ಕೇ ಅರ್ಧ ಹೊತ್ತು ಹೋಯಿತು. ಬೇಗ ಹೇಳುತ್ತೇನೆ. ಜೀನುಗಳಲ್ಲಿ ಪ್ರೋಟೀನ್ ತಯಾರಿಸುವ ಭಾಗಗಳನ್ನೆಲ್ಲ ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆಗೆ ಮಗುವಿನ ಜತೆ ತಂದೆ ತಾಯಿಯೂ ರಕ್ತ ಕೊಡಿ. ಮೂವರದನ್ನೂ ಹೋಲಿಸಿದರೆ ದೋಷ ಹೊಸದಾಗಿ ಹುಟ್ಟಿದ್ದೋ, ನಿಮ್ಮಿಂದ ಬಂದದ್ದೋ ತಿಳಿಯುತ್ತದೆ. "ಏನೂ ಸಿಗಲಿಲ್ಲ" ಎಂದು ವರದಿ ಬಂದರೆ ಕಾಯಿಲೆ ಇಲ್ಲ ಎಂದಲ್ಲ. ಸ್ನಾಯುಗಳನ್ನು ಕ್ಷೀಣಿಸುವ ಎಸ್‌ಎಂಎ ಕಾಯಿಲೆಯಲ್ಲಿ ಎಸ್‌ಎಂಎನ್1 ಜೀನಿನ ತುಣುಕೇ ಇಲ್ಲದಿರುವುದು ಈ ಪರೀಕ್ಷೆಯ ಕಣ್ಣು ತಪ್ಪಿಸಬಹುದು. ಅದಕ್ಕೆ ಬೇರೆ ಪರೀಕ್ಷೆ. "ಮಹತ್ವ ಅನಿಶ್ಚಿತ" ಎಂದು ಬರೆದಿದ್ದರೆ, ಸಿಕ್ಕ ಬದಲಾವಣೆಯಿಂದಲೇ ಕಾಯಿಲೆ ಬಂತೋ ಇಲ್ಲವೋ ಗೊತ್ತಿಲ್ಲ ಎಂದರ್ಥ. ಅದು ಪತ್ತೆಯಲ್ಲ, ಅದನ್ನು ಹಿಡಿದು ದಯವಿಟ್ಟು ಔಷಧ ಹುಡುಕಬೇಡಿ. ಪರೀಕ್ಷೆಯ ಮೂಲ ಡೇಟಾ ಕೇಳಿ ಇಟ್ಟುಕೊಳ್ಳಿ, ಒಂದೆರಡು ವರ್ಷದ ಮೇಲೆ ಮತ್ತೆ ನೋಡಿಸಿ. ಹೊಸ ಜೀನುಗಳು ಗೊತ್ತಾಗುತ್ತಲೇ ಇರುತ್ತವೆ.

ಇಂಥ ಕೆಲವು ಕಾಯಿಲೆಗಳಲ್ಲಿ ರಕ್ತದಲ್ಲಿ ಅಮೋನಿಯ ಎಂಬ ವಿಷ ಏರುತ್ತದೆ. ಮಗು ವಾಂತಿ ಮಾಡಿ ಮಂಕಾಗಿ ಬಿದ್ದಿದ್ದರೆ ಅದರ ಪರೀಕ್ಷೆಯನ್ನು ಆಗಲೇ ಮಾಡಬೇಕು. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ತಕ್ಷಣ ಲ್ಯಾಬಿಗೆ ಕಳಿಸಬೇಕು. ತಡವಾದರೆ ನಳಿಕೆಯಲ್ಲೇ ಅಮೋನಿಯ ಏರಿ, ಸುಳ್ಳು ಲೆಕ್ಕ ಬರುತ್ತದೆ.

ಇನ್ನು ಔಷಧ. ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳಲ್ಲಿ ಹೊಸ ಔಷಧದ ಪ್ರಯೋಗ, ಎಂದವರ ಬಳಿ ನೋಂದಣಿ ಸಂಖ್ಯೆ ಕೇಳಿ. ಹಣ ಕಟ್ಟಿಸಿಕೊಂಡು, ಎಲ್ಲ ಕಾಯಿಲೆಗೂ ಒಂದೇ ಸ್ಟೆಮ್‌ಸೆಲ್ ಇಂಜೆಕ್ಷನ್ ಸಾಕು ಎನ್ನುವವರು ಯಾವ ಜೀನು ಎಂದೂ ವಿಚಾರಿಸುವುದಿಲ್ಲ. ಅಲ್ಲಿಂದ ಎದ್ದು ಬನ್ನಿ.