ಬೆರಳಿನ ವೇಗ ಬಿಡಿ, ಕಾರ್ವೆ ಕೇಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಿಗೆ ರಾಕ್ ತಂಡ ಡೀಪ್ ಪರ್ಪಲ್ ಯಾವುದು, ಆರ್ಗನ್ ವಾದಕ ಕೀತ್ ಎಮರ್ಸನ್ ಯಾರು ಅಂತ ಹೇಳಬೇಕಾಗಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಹಿಂದಿನ ಗಿಟಾರ್ ಸಂಜೆ ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುವಾಗ ಒಬ್ಬರು ಒಂದು ಮಾತು ಅಂದರು. ಆರ್ಗನ್ ಸೋಲೋ, ಅಂದರೆ ಹಾಡಿನಲ್ಲಿ ಆರ್ಗನ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಗಿಟಾರ್ ನುಡಿಸುವವನು ಬೆವರು ಒರೆಸಿಕೊಳ್ಳುವ ಹೊತ್ತು ಅಂತೆ. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಉತ್ತರ ಹೇಳಲೇಬೇಕು ಅಂತ ಈ ಉಪನ್ಯಾಸವನ್ನು ನಾನೇ ಕೇಳಿ ಹಾಕಿಸಿಕೊಂಡೆ.

ನನ್ನ ತಕರಾರು ಇಷ್ಟೇ. ನಾವು ಆರ್ಗನ್ ಸೋಲೋವನ್ನೂ ಗಿಟಾರ್ ಕೇಳುವ ಕಿವಿಯಲ್ಲೇ ಕೇಳುತ್ತೇವೆ. ಎಷ್ಟು ವೇಗ, ಎಷ್ಟು ಸ್ವರ, ಎಷ್ಟು ಬಿರ್ಕಾ, ಅಂದರೆ ಮಿಂಚಿನ ವೇಗದ ಸ್ವರಸುರುಳಿ, ಅಂತ ಲೆಕ್ಕ ಹಾಕುತ್ತೇವೆ. ಆರ್ಗನ್ನಿನ ಜೀವ ಇರುವುದು ಅಲ್ಲಲ್ಲ, ಕಾರ್ವೆಯಲ್ಲಿ. ಹಿಡಿದು ನಿಲ್ಲಿಸಿದ ಸ್ವರದಲ್ಲಿ.

ಯಾಕೆ ಅಂತೀರಾ? ಗಿಟಾರ್ ತಂತಿ ಮೀಟಿದರೆ ನಾದ ತಾನಾಗಿಯೇ ಇಳಿಯುತ್ತದೆ. ಪಿಯಾನೋ ಕೂಡ ಹಾಗೆಯೇ. ಗಿಟಾರಿನಲ್ಲಿ ತಂತಿ ಎಳೆದು ಗಮಕವನ್ನೂ ತರಬಹುದು. ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನಲ್ಲಿ ಕೀ ಒತ್ತಿ ಹಿಡಿದರೆ, ಹಿಡಿದಷ್ಟು ಹೊತ್ತು ಸ್ವರ ಒಂದೇ ಸಮ ನಿಂತಿರುತ್ತದೆ. ಕುಟ್ಟಿದರೂ ಅಷ್ಟೇ ಸದ್ದು, ಮೆಲ್ಲಗೆ ಒತ್ತಿದರೂ ಅಷ್ಟೇ. ಸದ್ದು ಏರಿಸಿ ಇಳಿಸುವುದು ಬಲಗಾಲಿನ ಪೆಡಲ್. ಸ್ವರ ಇಳಿಯುವುದಿಲ್ಲ, ಬಾಗುವುದಿಲ್ಲ. ಅದನ್ನಿಟ್ಟುಕೊಂಡು ಜನರನ್ನು ಅಳಿಸಬೇಕು, ಎಬ್ಬಿಸಿ ಕುಣಿಸಬೇಕು. ರಾಕ್ ಆರ್ಗನ್ನಿನ ದೊಡ್ಡ ಕಲಾವಿದರೆಲ್ಲ ಈ ಕಷ್ಟಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದವರು.

ಈ ಯಂತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಾರೆನ್ಸ್ ಹ್ಯಾಮಂಡ್ ಷಿಕಾಗೋದಲ್ಲಿ ವಿದ್ಯುತ್ ಗಡಿಯಾರ ಮಾಡುತ್ತಿದ್ದ ಮನುಷ್ಯ. ಗಡಿಯಾರದ ಮೋಟಾರನ್ನೇ ತಂದು ವಾದ್ಯದೊಳಗೆ ಕೂರಿಸಿದ. 1934ರಲ್ಲಿ ಪೇಟೆಂಟ್, 1935ರಲ್ಲಿ ಮಾರಾಟ. ಒಳಗೆ ಅಂಚಿನಲ್ಲಿ ಹಲ್ಲುಗಳಿರುವ ಲೋಹದ ಚಕ್ರಗಳು ತಿರುಗುತ್ತವೆ. ನಾವೆಲ್ಲ ಪೂಜಿಸುವ ಬಿ-3 ಎಂಬ ಮಾದರಿಯಲ್ಲಿ ಅಂಥ 91 ಚಕ್ರಗಳಿವೆ. ಪ್ರತಿ ಚಕ್ರದ ಎದುರು ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಹಲ್ಲು ಹಾದುಹೋದಂತೆ ಸುರುಳಿಯಲ್ಲಿ ವಿದ್ಯುತ್ ಏರಿಳಿಯುತ್ತದೆ, ಅದೇ ಸ್ವರ. ಮೋಟಾರ್ ತಿರುಗುವ ವೇಗ ಗೋಡೆಯ ಕರೆಂಟನ್ನೇ ಅನುಸರಿಸುತ್ತದೆ. ಅಮೆರಿಕಾದ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿಗಾಗಿ ಮಾಡಿದ ಹ್ಯಾಮಂಡನ್ನು ಟ್ರಾನ್ಸ್‌ಫಾರ್ಮರ್ ಮೂಲಕ ನಮ್ಮ ಬೆಂಗಳೂರಿನ ಪ್ಲಗ್ಗಿಗೆ ಹಾಕಿದರೆ ವೋಲ್ಟೇಜ್ ಸರಿಹೋಗಬಹುದು. ಆದರೆ ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗೆ ಕೂರುತ್ತದೆ! ಇಡೀ ವಾದ್ಯದ ಶ್ರುತಿ ವಿದ್ಯುತ್ ಕಂಪನಿಯವರ ಕೈಯಲ್ಲಿ.

ಹ್ಯಾಮಂಡ್ ಇದನ್ನು ಮುಖ್ಯವಾಗಿ ಚರ್ಚುಗಳಿಗೆ ಮಾರಿದ. ದೊಡ್ಡ ಪೈಪ್ ಆರ್ಗನ್ ಕೊಳ್ಳಲು ದುಡ್ಡಿಲ್ಲದ ಚರ್ಚುಗಳು ಬೇಕಾದಷ್ಟಿದ್ದವು. ಕೀ ಒತ್ತಿದಾಗ ಬರುವ ಚಟ್ ಎಂಬ ಸದ್ದು ಅವನ ಎಂಜಿನಿಯರುಗಳಿಗೆ ದೋಷವಾಗಿ ಕಂಡಿತ್ತು. ಇವತ್ತು ಆ ಚಟ್ ಇಲ್ಲದಿದ್ದರೆ ನಮಗೆ ರುಚಿಸುವುದೇ ಇಲ್ಲ, ಅಲ್ವಾ? ಆಮೇಲೆ ಡಾನ್ ಲೆಸ್ಲಿ ತನ್ನದೇ ಸ್ಪೀಕರ್ ಪೆಟ್ಟಿಗೆ ಮಾಡಿಕೊಂಡು ಬಂದ. ಪೆಟ್ಟಿಗೆಯೊಳಗೆ ಮೇಲೆ ತಿರುಗುವ ಕೊಂಬು, ಕೆಳಗೆ ತಿರುಗುವ ಡ್ರಮ್ಮು. ರೈಲು ಹಾದುಹೋಗುವಾಗ ಸಿಳ್ಳೆಯ ಶ್ರುತಿ ಬದಲಾಗುತ್ತದಲ್ಲ, ಅದೇ ವಿದ್ಯೆ ಇಲ್ಲೂ ಕೆಲಸ ಮಾಡುತ್ತದೆ. ಹ್ಯಾಮಂಡ್‌ಗೆ ಲೆಸ್ಲಿ ಸ್ಪೀಕರ್ ಕಂಡರೆ ಆಗುತ್ತಿರಲಿಲ್ಲ. ಆದರೆ ನುಡಿಸುವವರು ಬಿಡಲಿಲ್ಲ. ಯಾಕೆಂದರೆ ಸ್ವರ ಹಿಡಿದು ನಿಂತು, ಸ್ವಿಚ್ಚನ್ನು ನಿಧಾನದಿಂದ ವೇಗಕ್ಕೆ ತಳ್ಳಿದರೆ, ಕೊಂಬು ವೇಗ ಹಿಡಿಯುವ ಆ ಒಂದೆರಡು ಕ್ಷಣದಲ್ಲಿ ಸ್ವರಕ್ಕೆ ಉಸಿರು ಬರುತ್ತದೆ. ಬಾಗದ ಸ್ವರ ನಡುಗಲು ಶುರುಮಾಡುತ್ತದೆ. ಕೇಳಬೇಕಾದದ್ದು ಆ ಜಾಗ. ಬೆರಳು ಅಲ್ಲಿ ಏನೂ ಮಾಡುತ್ತಿರುವುದಿಲ್ಲ, ಸುಮ್ನೆ ಹಿಡಿದಿರುತ್ತದೆ.

ಡೀಪ್ ಪರ್ಪಲಿನ ಆರ್ಗನ್ ವಾದಕ ಜಾನ್ ಲಾರ್ಡ್ ಲೆಸ್ಲಿಯನ್ನೂ ಪಕ್ಕಕ್ಕೆ ಸರಿಸಿದರು. ಬ್ಲ್ಯಾಕ್‌ಮೋರ್ ಎಂಬ ತಮ್ಮ ಗಿಟಾರ್ ವಾದಕನ ಅಬ್ಬರಕ್ಕೆ ಸರಿಸಾಟಿ ಬೇಕಿತ್ತು, ಹ್ಯಾಮಂಡನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸೇರಿಸಿಬಿಟ್ಟರು. ಸ್ವರ ಒಡೆಯಿತು, ಗುರುಗುಟ್ಟಿತು. 1972ರ ‘ಲೇಜಿ’ ಶುರುವಾಗುವುದೇ ಆ ಗುರುಗುಟ್ಟುವಿಕೆಯಿಂದ. ಅದೇ ಆಲ್ಬಮಿನ ‘ಹೈವೇ ಸ್ಟಾರ್’ನಲ್ಲಿ ಹಳೆಯ ಜರ್ಮನ್ ಸಂಗೀತಕಾರ ಬಾಖ್ ನೆರಳಿರುವ ಸೋಲೋ ಇದೆ. ಅದು ವೇಗದ್ದೇ, ನಾನು ಒಪ್ಪುತ್ತೇನೆ, ಅದ್ಭುತವಾಗಿಯೂ ಇದೆ. ಆದರೆ ನನ್ನನ್ನು ಕೇಳಿದರೆ 1970ರ ‘ಚೈಲ್ಡ್ ಇನ್ ಟೈಮ್’ ಆರಂಭದ ಆರ್ಗನ್ ಇನ್ನೂ ದೊಡ್ಡದು. ಆ ಧಾಟಿ ಇಟ್ಸ್ ಎ ಬ್ಯೂಟಿಫುಲ್ ಡೇ ಎಂಬ ಸ್ಯಾನ್ ಫ್ರಾನ್ಸಿಸ್ಕೋ ತಂಡದ ‘ಬಾಂಬೆ ಕಾಲಿಂಗ್’ನಿಂದ ಬಂದದ್ದು. ಅಲ್ಲಿ ಪಿಟೀಲು ಓಡುತ್ತದೆ. ಲಾರ್ಡ್ ಅದನ್ನು ನಿಧಾನಕ್ಕೆ ಇಳಿಸಿ, ನಾಲ್ಕಾರು ಸ್ವರಗಳಲ್ಲೇ ಕೂರುತ್ತಾರೆ. ಕದ್ದರು ಅಂತ ಬೈಯುವವರಿಗೆ ಒಂದು ಮಾತು. ಆ ತಂಡದವರೂ ಡೀಪ್ ಪರ್ಪಲಿನ ‘ರಿಂಗ್ ದಟ್ ನೆಕ್’ ಧಾಟಿಯನ್ನು ತಮ್ಮ ಹಾಡಿಗೆ ತೆಗೆದುಕೊಂಡರು. ಲೆಕ್ಕ ಚುಕ್ತಾ.

ಈಗ ಎಮರ್ಸನ್. ಚಾಕು ಕಥೆ ನಿಮಗೆಲ್ಲ ಗೊತ್ತು, ಆದರೂ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾವಾಗಲೂ ಅರ್ಧವೇ ಹೇಳುತ್ತಾರೆ. ದ ನೈಸ್ ತಂಡದಲ್ಲಿದ್ದಾಗ ಎಮರ್ಸನ್ ಎಲ್-100 ಎಂಬ ಸಣ್ಣ ಹ್ಯಾಮಂಡನ್ನು ವೇದಿಕೆಯ ಮೇಲೆ ಎಳೆದಾಡುತ್ತಿದ್ದರು, ಮೇಲೆ ಹತ್ತುತ್ತಿದ್ದರು, ಮೈಮೇಲೆ ಕೆಡವಿಕೊಂಡು ಅದರ ಹಿಂದಿನಿಂದ ನುಡಿಸುತ್ತಿದ್ದರು. ಕೀಗಳ ಸಂದಿಗೆ ಚಾಕು ಚುಚ್ಚುತ್ತಿದ್ದರು. ಚಾಕು ಕೊಟ್ಟವನು ಆಗ ಅವರ ಸಾಮಾನು ಹೊರುತ್ತಿದ್ದ ಒಬ್ಬ ಹುಡುಗ, ಲೆಮ್ಮಿ. ಹೌದು, ಮುಂದೆ ಮೋಟಾರ್‌ಹೆಡ್ ತಂಡ ಕಟ್ಟಿದ ಅದೇ ಲೆಮ್ಮಿ! ಆರ್ಗನ್ ಬಗ್ಗೆ ಮಾತಾಡುತ್ತಾ ಲೆಮ್ಮಿಗೆ ಚಪ್ಪಾಳೆ ಬೀಳುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಇರಲಿ, ಒಳ್ಳೆಯದೇ. ಜನ ಈ ಕಥೆಯನ್ನು ರಂಪಾಟದ ಕಥೆಯಾಗಿ ಹೇಳಿ ನಿಲ್ಲಿಸುತ್ತಾರೆ. ಚಾಕುವಿನ ಕೆಲಸ ಏನಾಗಿತ್ತು? ಕೀಯನ್ನು ಒತ್ತಿ ಹಿಡಿದಿಡುವುದು. ಸ್ವರ ನಿಂತಿರುತ್ತದೆ, ಮನುಷ್ಯ ಇನ್ನೊಂದು ಕೀಬೋರ್ಡಿಗೆ ಹೋಗಬಹುದು, ಆ ಸ್ವರದ ಮೇಲೆ ಬೇರೇನೋ ನುಡಿಸಬಹುದು. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನೇ ಆ ಚಾಕು ಅಲ್ಲಿ ಮಾಡುತ್ತಿತ್ತು. ಇನ್ನೂ ಒಂದಿದೆ. ಎಮರ್ಸನ್ ಸೋಲೋ ನಡುವೆ ಮೋಟಾರನ್ನೇ ಆಫ್ ಮಾಡುತ್ತಿದ್ದರು. ಚಕ್ರಗಳು ನಿಧಾನವಾಗುತ್ತವೆ, ಶ್ರುತಿ ನರಳುತ್ತಾ ಕೆಳಗೆ ಜಾರುತ್ತದೆ, ಮತ್ತೆ ಆನ್ ಮಾಡಿದರೆ ಮೇಲೇಳುತ್ತದೆ. ಬಾಗದ ಸ್ವರವನ್ನು ಕರೆಂಟು ಕಿತ್ತು ಬಾಗಿಸಿದರು! ಇದನ್ನು ಸರ್ಕಸ್ ಅನ್ನುವವರ ಜೊತೆ ಜಗಳಕ್ಕೆ ನಾನು ಸಿದ್ಧ. ಅವರ 1971ರ ‘ಟಾರ್ಕಸ್’ ಕೇಳಿ. ಐದರ ಲೆಕ್ಕದಲ್ಲಿ ಎಡಗೈ ಬಿಡದೆ ಕುಟ್ಟುತ್ತದೆ. ಅದು ಸರ್ಕಸ್ ಮಾಡುವವನ ಕೈ ಅಲ್ಲ.

ಸಾಫ್ಟ್ ಮಷೀನ್ ತಂಡದ ಮೈಕ್ ರಾಟ್ಲೆಜ್ ಅವರ ಕಷ್ಟ ಇದಕ್ಕೆ ತಿರುಗುಮುರುಗು. ಅವರದು ಹ್ಯಾಮಂಡ್ ಅಲ್ಲ, ಲೋರಿ ಆರ್ಗನ್. ಅದನ್ನು ಸದ್ದು ಒಡೆಯುವಂತೆ ಮಾಡುವ ಫಝ್ ಪೆಟ್ಟಿಗೆಗೆ ಹಾಕಿ, ಸದ್ದು ಎಷ್ಟು ಏರಿಸಿರುತ್ತಿದ್ದರೆಂದರೆ, ಕೀಯಿಂದ ಕೈ ಎತ್ತಿದ ತಕ್ಷಣ ಸ್ಪೀಕರ್ ಕಿರುಚುತ್ತಿತ್ತು. ಆದ್ದರಿಂದ ಕೈ ಎತ್ತುವಂತಿಲ್ಲ. ಒಂದು ಸ್ವರ ಬಿಡುವ ಮುಂಚೆ ಇನ್ನೊಂದನ್ನು ಹಿಡಿಯಲೇಬೇಕು. 1970ರ ‘ಥರ್ಡ್’ ಆಲ್ಬಮಿನ ಆ ಉದ್ದುದ್ದ, ಉಸಿರು ತೆಗೆಯದ ಸಾಲುಗಳು ಹುಟ್ಟಿದ್ದು ಹೀಗೆ. ವೇಗವಾಗಿ ಕೇಳಿಸುತ್ತದೆ, ನಿಜ. ಆದರೆ ಅದರ ಅಡಿಯಲ್ಲಿ ಇರುವುದೂ ಬಿಡಲಾಗದ ಸ್ವರವೇ. ನೋಡಿ, ಮತ್ತೆ ಕಾರ್ವೆಗೇ ಬಂದೆ.

ಡೋರ್ಸ್ ತಂಡದ ರೇ ಮ್ಯಾನ್ಝಾರೆಕ್ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಸಂಘಟಕರ ಚೀಟಿ ಬಂದಿದೆ, ಬೇಗ ಹೇಳುತ್ತೇನೆ. 1967ರ ‘ಲೈಟ್ ಮೈ ಫೈರ್’. ವಾಕ್ಸ್ ಕಾಂಟಿನೆಂಟಲ್ ಎಂಬ ಹಗುರ ಟ್ರಾನ್ಸಿಸ್ಟರ್ ಆರ್ಗನ್. ಎ ಮೈನರ್, ಬಿ ಮೈನರ್, ಎರಡೇ ಕಾರ್ಡ್, ಅಂದರೆ ಎರಡೇ ಸ್ವರಗುಚ್ಛ, ಅದರ ಮೇಲೆ ನಿಮಿಷಗಟ್ಟಲೆ ಬಲಗೈ ಬೆಳೆಸುತ್ತಾ ಹೋಗುತ್ತದೆ. ಆತುರವಿಲ್ಲ, ಆಲಾಪನೆಯ ಹಾಗೆ. ರೇಡಿಯೋಗೆ ಅಂತ ಸೋಲೋಗಳನ್ನು ಕತ್ತರಿಸಿ ಏಳು ನಿಮಿಷದ ಹಾಡನ್ನು ಮೂರಕ್ಕೆ ಇಳಿಸಿದರು. ಅದು ನಂಬರ್ ಒನ್ ಆಯಿತು. ಆದರೂ ಹೇಳುತ್ತೇನೆ, ಹಾಡು ಕತ್ತರಿಸಿದ ಭಾಗದಲ್ಲಿತ್ತು.

ಮ್ಯಾಥ್ಯೂ ಫಿಷರ್ ಬಿಡುವಂತಿಲ್ಲ. ಅದೇ 1967, ಪ್ರೊಕೋಲ್ ಹಾರಮ್ ತಂಡ, ‘ಎ ವೈಟರ್ ಶೇಡ್ ಆಫ್ ಪೇಲ್’. ಎಂಟೇ ಬಾರ್, ಅಂದರೆ ಎಂಟೇ ತಾಳದ ಸುತ್ತು, ಆರ್ಗನ್, ಒಂದು ಸ್ವರ ಹಿಡಿದು ನಿಂತು ಆಮೇಲೆ ಮೆಲ್ಲಗೆ ಇಳಿದು ಬರುತ್ತದೆ. ಹಾಡು ಬರೆದವರ ಹೆಸರಿನಲ್ಲಿ ಫಿಷರ್ ಇರಲಿಲ್ಲ. 2005ರಲ್ಲಿ ಮೊಕದ್ದಮೆ ಹಾಕಿದರು. 2006ರಲ್ಲಿ ಹೈಕೋರ್ಟು 40 ಶೇಕಡಾ ಪಾಲು ಅಂದಿತು, ಮೇಲ್ಮನವಿಯಲ್ಲಿ ರಾಯಧನ ಕೈತಪ್ಪಿತು, ಕೊನೆಗೆ 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಫಿಷರ್ ಪರವಾಗಿ ತೀರ್ಪು ಕೊಟ್ಟಿತು. ಆರ್ಗನ್ ಸೋಲೋ ಹಾಡಿನ ನಡುವಿನ ಬಿಡುವು ಅಲ್ಲ, ಹಾಡಿನ ಒಂದು ಪಾಲು ಅಂತ ಬ್ರಿಟನ್ನಿನ ಆಗಿನ ಅತಿ ದೊಡ್ಡ ನ್ಯಾಯಪೀಠದಿಂದಲೇ ಬಂದಿದೆ. ಬೆವರು ಒರೆಸಿಕೊಳ್ಳುವ ಮಾತಾಡಿದವರು ಇಲ್ಲೇ ಇದ್ದೀರಿ ಅಂದುಕೊಂಡಿದ್ದೇನೆ.

ಇನ್ನು ಹೆಸರುಗಳಷ್ಟೇ. ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಸಂತಾನಾ ತಂಡದ ಜೊತೆ ಗ್ರೆಗ್ ರೋಲಿ. ಯುರಾಯ ಹೀಪ್ ತಂಡದ ‘ಜುಲೈ ಮಾರ್ನಿಂಗ್’ನಲ್ಲಿ ಕೆನ್ ಹೆನ್ಸ್ಲಿ. ದ ಬ್ಯಾಂಡ್ ತಂಡದ ಗಾರ್ತ್ ಹಡ್ಸನ್, ‘ಚೆಸ್ಟ್ ಫೀವರ್’ ಆರಂಭ. ಹಡ್ಸನ್ ತಂಡ ಸೇರುವಾಗ ಮನೆಯವರ ಸಮಾಧಾನಕ್ಕೆ ಒಂದು ಷರತ್ತು ಹಾಕಿದ್ದರು, ಉಳಿದವರು ವಾರಕ್ಕೆ ಹತ್ತು ಡಾಲರ್ ಕೊಟ್ಟು ತಮ್ಮಿಂದ ಸಂಗೀತ ಪಾಠ ಹೇಳಿಸಿಕೊಳ್ಳಬೇಕು ಅಂತ! ಒಂದು ಪೂರ್ತಿ ಸಂಜೆ ಅವರಿಗೇ ಬೇಕು.

ಎರಡನೇ ಚೀಟಿಯೂ ಬಂತು. ಉಳಿದ ಸಮಯಕ್ಕೆ ಯೆಸ್ ತಂಡದ ‘ಕ್ಲೋಸ್ ಟು ದ ಎಡ್ಜ್’ ಹಾಕುತ್ತೇನೆ, 1972ರದ್ದು. ಹದಿನೆಂಟು ನಿಮಿಷ ಇದೆ, ಅಷ್ಟಕ್ಕೆ ಅನುಮತಿ ಇಲ್ಲ, ಹಾಗಾಗಿ ರಿಕ್ ವೇಕ್‌ಮನ್ ಇರುವ ಭಾಗ ಮಾತ್ರ. ಮೊದಲು ಬರುವುದು ಪೈಪ್ ಆರ್ಗನ್, ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನದು, ಕವಿ ಮಿಲ್ಟನ್ನನ್ನು ಹೂಳಿದ ಚರ್ಚು. ಅದು ಮುಗಿದ ಸ್ವಲ್ಪ ಹೊತ್ತಿಗೆ ಹ್ಯಾಮಂಡ್ ಸೋಲೋ ನುಗ್ಗುತ್ತದೆ. ಪೈಪ್ ಆರ್ಗನ್ ಸ್ವರ ಹೇಗೆ ನಿಲ್ಲುತ್ತದೆ, ಹ್ಯಾಮಂಡ್ ಸ್ವರ ಹೇಗೆ ನಿಲ್ಲುತ್ತದೆ, ಅದೊಂದನ್ನು ಗಮನಿಸಿ ಕೇಳಿ. ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಬನ್ನಿ, ಎಡಗಡೆ ಸ್ಪೀಕರ್ ಸ್ವಲ್ಪ ಮಂದ ಇದೆ.